ವಾಟಲ್ ಬೀದಿಯ ವಿಳಾಸ

ವಾಟಲ್ ಬೀದಿ, ವಿಲ್ಲರೂಂಗ್
ಅಕ್ಟೋಬರ್ 20

ಬ್ರೋಡಿ,

ಮೂರು ಭಾನುವಾರ ಅಷ್ಟು ದೂರ ಕಾರು ಓಡಿಸಿಕೊಂಡು ಬಂದೆ. ಜೈಲಿನ ಗೇಟಿನಲ್ಲಿ ಶೂ ಬಿಚ್ಚಿದೆ, ಬೆಲ್ಟು ಬಿಚ್ಚಿದೆ, ನಾಯಿಯಿಂದ ಮೂಸಿಸಿಕೊಂಡೆ. ಮೂರು ಸಲವೂ ಅದೇ ಉತ್ತರ. "ನಿಮ್ಮ ಮಗ ಭೇಟಿ ಬೇಡ ಅಂತಿದ್ದಾನೆ ಮೇಡಂ." ಬೇಡವಾದರೆ ಬೇಡ, ಕಾಗದ ಬರೆಯುತ್ತೇನೆ. ಹರಿದು ಹಾಕಬೇಕಾದರೂ ಒಮ್ಮೆ ಕೈಗೆ ತೆಗೆದುಕೊಳ್ಳಲೇಬೇಕಲ್ಲ.

ಗುಲ್‌ಬಖ್ತ್ ಬದುಕಿದ್ದಾಳೆ. ಇದನ್ನು ನಿನಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ಮೊದಲು ಬರೆದೆ. ಮೆಲ್ಬರ್ನಿನ ಆಸ್ಪತ್ರೆಯಲ್ಲಿದ್ದಾಳೆ. ಎರಡೂ ಕೈ ಮೊಣಕೈವರೆಗೆ ಸುಟ್ಟಿವೆ. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದ್ದಾರೆ. ಬೆರಳು ಮಡಿಸಲು ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎನ್ನುತ್ತಾರೆ. ಎದುರುಮನೆಯಲ್ಲಿ ಎವಜ್ ಅಲಿ ಒಬ್ಬನೇ. ಬೆಳಿಗ್ಗೆ ಕಸಾಯಿಖಾನೆಯ ಕೆಲಸಕ್ಕೆ ಹೋಗುತ್ತಾನೆ, ಶುಕ್ರವಾರ ಬಸ್ಸು ಹಿಡಿದು ಹೆಂಡತಿಯನ್ನು ನೋಡಲು ಹೋಗುತ್ತಾನೆ. ನನ್ನನ್ನು ಕಂಡರೆ ಈಗಲೂ ಕೈ ಎತ್ತುತ್ತಾನೆ. ನಾನೂ ಎತ್ತುತ್ತೇನೆ. ಆಮೇಲೆ ಒಳಗೆ ಬಂದು ಕೂತುಬಿಡುತ್ತೇನೆ.

ಅವತ್ತು ಆ ಹೊತ್ತಿನಲ್ಲಿ ಅವಳು ಅಲ್ಲಿ ಯಾಕಿದ್ದಳು ಗೊತ್ತೇ? ಫುಟ್‌ಬಾಲ್ ಫೈನಲ್ ಪಂದ್ಯಕ್ಕೆ ಕ್ಲಬ್ಬಿನ ಕ್ಯಾಂಟೀನಿನಲ್ಲಿ ವರ್ಷಾವರ್ಷ ಅದೇ ಪೈ, ಅದೇ ಚಿಪ್ಸು. ಈ ಸಲ ಗುಲ್‌ಬಖ್ತ್ ಮಾಡುವ ಅವರ ನಾಡಿನ ಬೊಲಾನಿ ಇರಲಿ ಎಂದು ನಾನೇ ಕೇಳಿಕೊಂಡಿದ್ದೆ. ಆಲೂಗಡ್ಡೆ ತುಂಬಿದ ಆ ರೊಟ್ಟಿಯನ್ನು ನೀನು ಅವರ ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದವನು. ಅವಳ ಮನೆಯ ಒಲೆ ಸಣ್ಣದು, ಅವರು ನಮಾಜು ಮಾಡುವ ಪ್ರಾರ್ಥನಾ ಮಂದಿರದ ಹಿಂದಿನ ಅಡುಗೆಮನೆಯಲ್ಲಿ ದೊಡ್ಡದಿದೆ ಅಂತ ಅಲ್ಲಿಗೆ ಹೋದಳು. ಮೊದಲು ಕಳಿಸಿದ ತಟ್ಟೆಗಳು ನೋಡನೋಡುತ್ತಲೇ ಖಾಲಿಯಾದವು. ಇನ್ನೊಂದಿಷ್ಟು ಮಾಡು ಮಾರಾಯ್ತಿ ಎಂದು ನಾನೇ ಫೋನು ಮಾಡಿದೆ.

ನೀವು ಹಾಕಿದ ಲೆಕ್ಕ ನನಗೆ ಅರ್ಥವಾಗುತ್ತದೆ. ಫೈನಲ್ ದಿನ ವಿಲ್ಲರೂಂಗಿನಲ್ಲಿ ಮನೆಯಲ್ಲಿರುವವರು ಯಾರು? ಹಾಸಿಗೆ ಹಿಡಿದವರನ್ನೂ ಕಾರಿನಲ್ಲಿ ಕೂರಿಸಿ ಮೈದಾನಕ್ಕೆ ತರುತ್ತಾರೆ. ಆದರೆ ಇದು ಈ ಊರಲ್ಲಿ ಹುಟ್ಟಿ ಬೆಳೆದವನಿಗೆ ಮಾತ್ರ ಹೊಳೆಯುವ ಲೆಕ್ಕ. ನಿಮ್ಮ ಜಿಮ್ಮಿನ ಗ್ಯಾರೆಟ್ ಪಟ್ಟಣದವನು, ಅವನಿಗೆ ಇದೆಲ್ಲ ಗೊತ್ತಿರಲು ಸಾಧ್ಯವಿಲ್ಲ. ಆ ಮಂದಿರಕ್ಕೆ ಬೆಂಕಿ ಇಡಲು ದಿನ ಹುಡುಕಿಕೊಟ್ಟವನು ನೀನೇ ಇರಬೇಕು. ಅಲ್ಲ ಅನ್ನುವುದಾದರೆ ಬರೆದು ತಿಳಿಸು.

ನಿನ್ನ ಅಮ್ಮ,
ರೇಲೀನ್


ಜೈಲಿನಿಂದ
ನವೆಂಬರ್ 3

ಅಮ್ಮಾ,

ಕಾಗದ ಹರಿಯಲಿಲ್ಲ. ಗುಲ್‌ಬಖ್ತ್ ವಿಷಯ ತಿಳಿಸಿದ್ದು ಒಳ್ಳೆಯದಾಯಿತು. ನಾನು ಯಾರನ್ನೂ ಕೇಳಿರಲಿಲ್ಲ.

ಹೌದು, ದಿನ ಹೇಳಿದ್ದು ನಾನೇ. ಒಳಗೆ ಯಾರೂ ಇರುವುದಿಲ್ಲ ಎಂದೇ ಅಂದುಕೊಂಡಿದ್ದೆವು. ಕಟ್ಟಡ ಸುಟ್ಟುಹೋದರೆ ಅವರು ಇನ್ನೊಂದು ಊರು ನೋಡಿಕೊಳ್ಳುತ್ತಾರೆ, ಅಷ್ಟೇ. ಯಾರ ಮೈಗೂ ಏನೂ ಆಗಬಾರದು ಅಂತ ಮೊದಲೇ ಮಾತಾಗಿತ್ತು.

ಗ್ಯಾರೆಟ್ ಹೆಸರು ಮತ್ತೆ ಬರೆಯಬೇಡ. ಇಲ್ಲಿ ಕಾಗದಗಳನ್ನೆಲ್ಲ ಓದುತ್ತಾರೆ. ನಿನಗೆ ಅವರ ಮೇಲೆ ಸಿಟ್ಟು. ಆದರೆ ಅಪ್ಪ ಕ್ವೀನ್ಸ್‌ಲ್ಯಾಂಡಿನ ಗಣಿ ಕೆಲಸಕ್ಕೆ ಹೋದವನು ಒಂದು ಫೋನೂ ಮಾಡಲಿಲ್ಲ. ಟೈರು ಅಂಗಡಿಯವರು ನನ್ನನ್ನು ತೆಗೆದುಹಾಕಿದ ಮೇಲೆ ನಾನು ಮಧ್ಯಾಹ್ನದವರೆಗೆ ಮಲಗಿರುತ್ತಿದ್ದೆ. ಬೆಳಗಾಗುವ ಮೊದಲೇ ಬಂದು, ಎಬ್ಬಿಸಿ, ಹೊಳೆದಂಡೆಯ ಉದ್ದಕ್ಕೂ ಓಡಿಸಿದವರು ಅವರು. ಯಾರಾದರೂ ನನಗಾಗಿ ಬಾಗಿಲು ತಟ್ಟಿ ಎಷ್ಟು ದಿನವಾಗಿತ್ತು. ಅವರು ಕೇಳುತ್ತಿದ್ದುದರಲ್ಲಿ ತಪ್ಪೇನಿದೆ? ಈ ಊರು ಯಾರದ್ದು ಅಂತ ಯಾರಾದರೂ ಒಬ್ಬರು ಕೇಳಬೇಕಿತ್ತು.

ಭೇಟಿಗೆ ಬರಬೇಡ. ನಿನ್ನ ಮುಖ ನೋಡಲು ನನ್ನಿಂದಾಗದು.

ಬ್ರೋಡಿ


ವಾಟಲ್ ಬೀದಿ
ನವೆಂಬರ್ 24

ಬ್ರೋಡಿ,

ಈ ಊರು ಯಾರದ್ದು ಅಂತ ಕೇಳುತ್ತೀಯಾ? ಹೊಳೆದಂಡೆಯ ಮೂಲನಿವಾಸಿಗಳನ್ನು ಹೋಗಿ ಕೇಳು. ಗಂಟುಮೂಟೆ ಕಟ್ಟಬೇಕಾದವರು ಯಾರು ಅಂತ ಅವರು ಚೆನ್ನಾಗಿ ಹೇಳುತ್ತಾರೆ. ನಾನೂ ನೀನೂ ಮೊದಲ ಲಾರಿ ಹತ್ತಬೇಕಾಗುತ್ತದೆ.

ನಿನ್ನ ಮೇಲಿನ ಸಿಟ್ಟಿಗಿಂತ ನನಗೆ ನನ್ನ ಮೇಲೆಯೇ ಹೆಚ್ಚು. ಹೋದ ವರ್ಷ ನೆರೆ ಬಂದಾಗ ಗ್ಯಾರೆಟ್ಟೂ ಅವನ ಹುಡುಗರೂ ಕಪ್ಪು ಅಂಗಿ ತೊಟ್ಟು ಬಂದು ಮರಳು ಚೀಲ ಹೊತ್ತರಲ್ಲ, ಆಮೇಲೆ ನಾವು ಸಭಾಭವನದಲ್ಲಿ ಚಹಾ ಕೊಟ್ಟೆವು. ಎಲ್ಲರೂ ಎದ್ದು ಹೋದ ಮೇಲೆ ಅವನು ಉಳಿದುಕೊಂಡು ಚಹಾ ಲೋಟಗಳನ್ನೆಲ್ಲ ತೊಳೆದ. ಕುರ್ಚಿ ಮಡಿಸಿ ಗೋಡೆಗೆ ಒರಗಿಸಿದ. ಅಷ್ಟಕ್ಕೇ ನಾನು ಮರುಳಾದೆ. ನಮ್ಮ ಕಡೆ ಹಾಗೇ ಅಲ್ಲವೇ? ಕೆಲಸ ಮುಗಿದ ಮೇಲೆ ನಿಂತು ಕುರ್ಚಿ ಎತ್ತಿಡುವವನು ಒಳ್ಳೆಯವನು, ಮುಂದೆ ಅವನನ್ನು ಏನೂ ಕೇಳಬೇಕಿಲ್ಲ. ಜಿಮ್ಮಿಗೆ ಜಾಗ ಬೇಕು ಅಂದಾಗ ಸಮಿತಿಯಲ್ಲಿ ಮೊದಲು ಕೈ ಎತ್ತಿದವಳು ನಾನು. ಒಳಗೆ ಏನು ಹೇಳಿಕೊಡುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ನೆಲ ಗುಡಿಸಿ ಇಡುತ್ತಿದ್ದರು, ನಮಗೆ ಅಷ್ಟೇ ಸಾಕಾಗಿತ್ತು. ಬೆಂಕಿ ಹತ್ತಿದ ಹೊತ್ತಿಗೆ ಆ ಮನುಷ್ಯ ಮೈದಾನದಲ್ಲಿ ನನ್ನ ಕೈಯಿಂದಲೇ ಚಿಪ್ಸು ತೆಗೆದುಕೊಂಡು ಥ್ಯಾಂಕ್ಸ್ ಹೇಳಿ ಹೋದ. ಅವನ ಮೇಲೆ ಯಾವ ಸಾಕ್ಷಿಯೂ ಇಲ್ಲವಂತೆ.

ಗುಲ್‌ಬಖ್ತ್ ಮನೆಗೆ ಬಂದಳು. ನಾನು ಇನ್ನೂ ಹೋಗಿಲ್ಲ. ಅವಳ ತಟ್ಟೆಗಳು ಕ್ಯಾಂಟೀನಿನಲ್ಲೇ ಉಳಿದಿದ್ದವು, ತೊಳೆದು ಇಟ್ಟಿದ್ದೆ, ಕೊಡಲು ಕಾಲು ಬರಲಿಲ್ಲ. ನಿನ್ನೆ ಎವಜ್ ತಾನೇ ಬಂದ. ತಟ್ಟೆ ತೆಗೆದುಕೊಂಡವನು ಹೋಗದೆ ಬಾಗಿಲಲ್ಲೇ ನಿಂತ.

"ಸಾಕ್ಷಿ ಹೇಳೋರು ಬಾಯಿ ಬಿಡಬಾರದು ಅಂತ ಪೊಲೀಸರು ಹೇಳಿದ್ದಾರೆ," ಅಂದ. "ಆದ್ರೂ ಹೆತ್ತವಳಿಗೆ ಗೊತ್ತಿರಬೇಕು. ಬೆಂಕಿ ಅಂತ ಅಗ್ನಿಶಾಮಕ ದಳದ ಸ್ವಯಂಸೇವಕರಿಗೆಲ್ಲ ಕರೆ ಬಂದಾಗ ಬ್ರೋಡಿನೂ ಮೈದಾನದಿಂದ ಓಡಿ ಬಂದ, ನಾನೂ ಬಂದೆ. ಫೈರ್ ಗಾಡೀಲಿ ಪಕ್ಕಪಕ್ಕ ಕೂತಿದ್ವಿ. ನನ್ನ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡ್ತಿದ್ದ, ಯಾವಾಗ್ಲೂ ಮಾಡೋ ಹಾಗೆ. ಎಲ್ಲಿ ಬೆಂಕಿ ಅಂತ ಗೊತ್ತಾದ ತಕ್ಷಣ ನಾನು, ಗುಲ್‌ಬಖ್ತ್ ಒಳಗಿದ್ದಾಳೆ, ಫೋನ್ ಎತ್ತುತ್ತಿಲ್ಲ ಅಂದೆ. ಅವನ ಕೈ ನಿಂತುಹೋಯ್ತು. ಹಿಂದಿನ ಬಾಗಿಲಿಗೆ ಹೋಗ್ಬೇಡಿ, ಮೆಟ್ಟಿಲ ಕೆಳಗೆ ಇನ್ನೊಂದು ಪೆಟ್ರೋಲ್ ಕ್ಯಾನ್ ಇದೆ, ತುಂಬಿದ್ದು ಅಂದ. ಕ್ಯಾಪ್ಟನ್ ತಿರುಗಿ ನೋಡಿದ್ರು. ಪಕ್ಕದ ಕಿಟಕಿ ಒಡೆದು ನನ್ನನ್ನ ಒಳಕ್ಕೆ ಎತ್ತಿದ್ದೂ ಅವನೇ. ಆಮೇಲೆ ಗಾಡಿ ಮೆಟ್ಟಿಲ ಮೇಲೆ ಕೂತು ಪೊಲೀಸರಿಗೆ ಕಾಯ್ತಿದ್ದ."

ನೀನೇ ಒಪ್ಪಿಕೊಂಡೆ ಎಂದಷ್ಟೇ ನನಗೆ ಗೊತ್ತಿತ್ತು. ಆ ಒಂದು ಮಾತು ಬರದಿದ್ದರೆ ಎವಜ್ ಹಿಂದಿನ ಬಾಗಿಲಿಗೇ ಓಡುತ್ತಿದ್ದ. ಇದನ್ನು ನನಗೆ ಯಾಕೆ ಬರೆಯಲಿಲ್ಲ, ಮುಠ್ಠಾಳ? ನಿನ್ನ ಬಗ್ಗೆ ಹಿಡಿದುಕೊಳ್ಳಲು ನನಗೂ ಏನಾದರೊಂದು ಬೇಕಲ್ಲ.

ಅಮ್ಮ


ಜೈಲಿನಿಂದ
ಡಿಸೆಂಬರ್ 6

ಅಮ್ಮಾ,

ಯಾಕೆ ಬರೆಯಲಿಲ್ಲ ಅಂದರೆ, ನೀನು ಅದನ್ನು ಒಳ್ಳೆಯ ಕೆಲಸ ಅಂದುಕೊಳ್ಳುತ್ತೀಯ ಅಂತ.

ಅದಕ್ಕೆ ಮುಂಚೆ, ಉಳಿದ ಹುಡುಗರು ಬೆಂಕಿ ಹಚ್ಚಲು ಹೋಗಿದ್ದಾಗ, ನಾನು ಮೈದಾನದಲ್ಲಿದ್ದೆ. ಬೇಲಿಗೆ ತಾಗಿಸಿ ನಿಲ್ಲಿಸಿದ ಕಾರಿನೊಳಗೆ ಕೂತಿದ್ದೆ. ನಮ್ಮವರು ಗೋಲು ಹೊಡೆದರು, ಎಲ್ಲ ಕಾರಿನವರೂ ಹಾರನ್ ಬಾರಿಸಿದರು, ನಾನೂ ಬಾರಿಸಿದೆ. ಮರಗಳ ಆಚೆ ಹೊಗೆ ಏಳಲು ಶುರುವಾಗಿತ್ತು. ಅದನ್ನು ನೋಡಿದ ಮೇಲೂ ಹಾರನ್ನಿನಿಂದ ಕೈ ತೆಗೆಯಲಿಲ್ಲ. ಖುಷಿಯಾಗಿತ್ತು ಅಮ್ಮಾ. ಎವಜ್‌ಗೆ ಇದು ಗೊತ್ತಿಲ್ಲ.

ಪೈಪು ಸುತ್ತುವುದು ಹೇಗೆ ಅಂತ ಅವನಿಗೆ ಹೇಳಿಕೊಟ್ಟದ್ದು ನಾನು. ದಳಕ್ಕೆ ಸೇರಿದ ಹೊಸದರಲ್ಲಿ ಅವನು ಪೈಪನ್ನು ಕುರಿ ಹಿಡಿದ ಹಾಗೆ ಕಂಕುಳಲ್ಲಿ ಹಿಡಿಯುತ್ತಿದ್ದ. ನಾವೆಲ್ಲ ನಗುತ್ತಿದ್ದೆವು, ಅವನು ನಮಗಿಂತ ಹೆಚ್ಚು ನಗುತ್ತಿದ್ದ. ಅದೇ ವಾರ ಜಿಮ್ಮಿನಲ್ಲಿ ಕೂತು ಅವರನ್ನೆಲ್ಲ ಓಡಿಸುವ ಮಾತನ್ನೂ ಆಡುತ್ತಿದ್ದೆ. ಎರಡೂ ನಾನೇ. ಹೇಗೆ ಸಾಧ್ಯವಾಯಿತು ಅಂತ ವಕೀಲೆ ಕೇಳಿದರು.

ಇನ್ನೊಂದು ವಿಷಯ. ಒಪ್ಪಿಕೊಂಡಿರುವುದರಿಂದ ವಿಚಾರಣೆ ಮುಗಿಯುವವರೆಗೆ ಜಾಮೀನು ಸಿಗಬಹುದಂತೆ. ಒಂದು ವಿಳಾಸ ಬೇಕು, ಮನೆಯವರು ಸಹಿ ಹಾಕಬೇಕು. ನಮ್ಮ ಮನೆ ಎವಜ್ ಮನೆಯ ಎದುರಿಗೇ ಇರುವುದರಿಂದ ಕಷ್ಟವಂತೆ. ಅವರು ತಕರಾರಿಲ್ಲ ಅಂತ ಎರಡು ಸಾಲು ಬರೆದುಕೊಟ್ಟರೆ ನ್ಯಾಯಾಧೀಶರು ಒಪ್ಪಬಹುದು ಅನ್ನುತ್ತಾರೆ. ನನಗೆ ಇಲ್ಲಿ ಇರಲಾಗುತ್ತಿಲ್ಲ. ಕೇಳುತ್ತೀಯಾ?

ಭಾನುವಾರ ಬಾ. ಭೇಟಿಗೆ ಬರುತ್ತೇನೆ.

ಬ್ರೋಡಿ


ವಾಟಲ್ ಬೀದಿ
ಜನವರಿ 18

ಬ್ರೋಡಿ ಮಗಾ,

ಇದನ್ನು ಹೋದ ಭಾನುವಾರವೇ ಎದುರಿಗೆ ಹೇಳಬೇಕಿತ್ತು. ನೀನು ಅಷ್ಟು ಬಡಕಲಾಗಿ, ಹಣೆಯ ಮೇಲೆ ಗಾಯ ಮಾಡಿಕೊಂಡು ಬಂದು ಕೂತಾಗ ಬಾಯಿ ಬರಲಿಲ್ಲ. ಹವಾ, ತೋಟ, ನಾಯಿ ಅಂತ ಏನೇನೋ ಮಾತಾಡಿ ಎದ್ದು ಬಂದೆ.

ಕ್ರಿಸ್ಮಸ್ ಕಳೆದ ಮೇಲೆ ಅವರ ಮನೆಗೆ ಹೋಗಿದ್ದೆ. ನಾನು ಹೋಗುವುದು ನಿಲ್ಲಿಸಿದ್ದರೂ ಬಾಗಿಲು ತೆರೆದ ರೀತಿ ಹಾಗೇ ಇತ್ತು, ಅದೇ ಕೆಂಪು ಜಮಖಾನೆ, ಅದೇ ಹಸಿರು ಚಹಾ. ಗುಲ್‌ಬಖ್ತ್ ಎರಡೂ ಕೈಗೆ ಮೈಬಣ್ಣದ ಬಿಗಿ ಗವಸು ಹಾಕಿದ್ದಾಳೆ. ಚಹಾ ಬಗ್ಗಿಸಿದ್ದು ಎವಜ್. ನಾನು ನಮ್ಮ ರೀತಿಯಲ್ಲಿ ನೇರ ವಿಷಯಕ್ಕೇ ಬಂದೆ. ಕೇಳುವುದರಲ್ಲಿ ತಪ್ಪೇನು, ಬೇಡವಾದರೆ ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆ. ಬ್ರೋಡಿ ಮನೆಗೆ ಬರಬೇಕಾದರೆ ನಿಮ್ಮ ಒಪ್ಪಿಗೆ ಬೇಕಂತೆ, ಇಷ್ಟವಿಲ್ಲದಿದ್ದರೆ ಹೇಳಿಬಿಡಿ, ನಾನೇನೂ ತಿಳಿದುಕೊಳ್ಳುವುದಿಲ್ಲ ಅಂದೆ.

ಎವಜ್ ತಕ್ಷಣ, "ಬರಲಿ. ಎಲ್ಲಿ ಸಹಿ ಹಾಕ್ಬೇಕು ತೋರ್ಸಿ," ಅಂದ.

ಗುಲ್‌ಬಖ್ತ್ ಅವನಿಗೆ ಅವರ ಮಾತಿನಲ್ಲಿ ಏನೋ ಹೇಳಿದಳು. ಅವನು ತಲೆ ತಗ್ಗಿಸಿದ. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ರೇಲೀನ್ ಜಾನ್, ನೀವು ನಮ್ಮನೆ ಜಮಖಾನೆ ಮೇಲೆ ಕೂತು ಚಹಾ ಕುಡಿದು ಕೇಳ್ತಿದ್ದೀರಿ. ಮನೆಗೆ ಬಂದೋರು ಮಗನಿಗಾಗಿ ಕೇಳಿದ್ರೆ ನಮ್ಮಲ್ಲಿ ಇಲ್ಲ ಅನ್ನೋಕೆ ಬರಲ್ಲ. ಇವನು ಹಾಕ್ತಾನೆ, ನಾನೂ ಹೆಬ್ಬೆಟ್ಟು ಒತ್ತೀನಿ, ಪೆನ್ನು ಹಿಡಿಯೋಕಂತೂ ಆಗಲ್ಲ. ಆದ್ರೆ ನೀವು ಕೇಳಬಾರದಿತ್ತು."

ನಾನು ಚಹಾ ಹಾಗೇ ಬಿಟ್ಟು ಎದ್ದೆ. ಅವಳು ಬಾಗಿಲವರೆಗೆ ಬಂದಳು. "ಅವನು ಒಳ್ಳೆ ಹುಡುಗ ಅಂತ ಇವನು ಹೇಳ್ತಾನೆ. ಇರಬಹುದು," ಅಂದಳು. "ನಾನು ಬಟ್ಟೆ ಒಣಗಿಸೋಕೆ ಹೊರಗೆ ಬಂದಾಗ ಅವನು ನಿಮ್ಮ ಜಗಲಿ ಮೇಲೆ ಕೂತಿರ್ತಾನಲ್ಲ. ಆಗ ನಾನು ಏನು ಮಾಡ್ಲಿ? ಕೈ ಎತ್ಲಾ?"

ಅವರಿಂದ ಏನೂ ಬರೆಸಿಕೊಳ್ಳಲಿಲ್ಲ. ನಾನೂ ಸಹಿ ಮಾಡುವುದಿಲ್ಲ ಎಂದು ವಕೀಲೆಗೆ ಹೇಳಿದ್ದೇನೆ. ಇದು ನಿನ್ನ ಮನೆಯೇ, ನಿನ್ನ ಕೋಣೆಯಲ್ಲಿ ಒಂದು ವಸ್ತುವನ್ನೂ ಅಲುಗಿಸಿಲ್ಲ. ಆದರೆ ಅವಳು ಎದುರಿಗಿರುವವರೆಗೆ ನಿನ್ನನ್ನು ಇಲ್ಲಿ ಕರೆತಂದು ಕೂರಿಸಲು ನನ್ನಿಂದಾಗದು. ಇದನ್ನು ಬರೆಯುವಾಗ ನನಗೆ ಏನಾಗುತ್ತಿದೆ ಎಂದು ನೀನೂ ಒಂದು ದಿನ ತಂದೆಯಾದರೆ ತಿಳಿದೀತು.

ನಿನ್ನ ಅಮ್ಮ


ಜೈಲಿನಿಂದ
ಜನವರಿ 30

ಅಮ್ಮಾ,

ಓದಿದೆ. ನನಗಿಂತ ಅವರೇ ಹೆಚ್ಚಾದರು. ಪರವಾಗಿಲ್ಲ.

ಗವಸು ಹಾಕಿಕೊಂಡ ಕೈಯ ಬಗ್ಗೆ ಬರೆದೆಯಲ್ಲ, ನನ್ನ ಹಣೆಯ ಗಾಯ ಹೇಗಾಯಿತು ಅಂತ ಒಂದು ಮಾತು ಕೇಳಲಿಲ್ಲ. ಅವರು ಸಹಿ ಹಾಕುತ್ತೇವೆ ಅಂದಿದ್ದರು. ಸುಟ್ಟುಕೊಂಡವರೇ ಬರಲಿ ಅಂದಾಗ ಹೆತ್ತವಳು ಬೇಡ ಅಂದಳು. ಇಲ್ಲಿ ಯಾರಿಗಾದರೂ ಹೇಳಿದರೆ ನಗುತ್ತಾರೆ.

ಜಿಮ್ಮಿನವರು ಒಂದು ವಿಳಾಸ ಕಳಿಸಿದ್ದಾರೆ. ಪಟ್ಟಣದ ಹೊರಗೆ ಅವರದೇ ಒಂದು ಮನೆಯಿದೆ, ಕೆಳಗೆ ಜಿಮ್ಮು, ಮೇಲೆ ಕೋಣೆಗಳು. ಸಹಿ ಹಾಕಲು ಜನ ಇದ್ದಾರೆ. ನಿನಗೆ ನಿನ್ನ ಬೀದಿ ಮುಖ್ಯ, ಅವರಿಗೆ ನಾನು ಮುಖ್ಯ. ವಕೀಲೆಗೆ ಇನ್ನೂ ಏನೂ ಹೇಳಿಲ್ಲ. ಹೇಳಬೇಕು ಅಂತಿದ್ದೇನೆ.

ಸ್ವಲ್ಪ ದಿನ ಬರಬೇಡ.

ಬ್ರೋಡಿ


ವಾಟಲ್ ಬೀದಿ
ಫೆಬ್ರವರಿ 24

ಬ್ರೋಡಿ,

ನಿನ್ನ ಹಣೆಯ ಗಾಯ ನಾನು ನೋಡಿದೆ. ಕೇಳಿದರೆ ಅಲ್ಲೇ ಅತ್ತುಬಿಡುತ್ತಿದ್ದೆ, ಅದಕ್ಕೆ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಯಾರು ಹೊಡೆದರು? ವಾಸಿಯಾಯಿತೇ?

ಎದುರುಮನೆ ಖಾಲಿಯಾಯಿತು. ಶನಿವಾರ ಹೋದರು. ಮೆಲ್ಬರ್ನಿನ ಪಕ್ಕದ ಡ್ಯಾಂಡೆನಾಂಗಿನಲ್ಲಿ ಅವರ ಕಡೆಯ ಜನ ತುಂಬ ಇದ್ದಾರೆ, ಎವಜ್‌ಗೆ ಅಲ್ಲೇ ಯಾವುದೋ ಗೋದಾಮಿನಲ್ಲಿ ಕೆಲಸ ಸಿಕ್ಕಿದೆ. ಇಲ್ಲಿನ ಅಗ್ನಿಶಾಮಕ ದಳದ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ ವಾಪಸು ಕೊಟ್ಟ. ಅವರವರೇ ಇನ್ನೂ ಎರಡು ಮನೆಯವರು ಹೊರಟಿದ್ದಾರೆ. ಮೂಲೆಯ ಅಂಗಡಿಯವನು ಬಾಗಿಲು ಹಾಕುತ್ತೇನೆ ಅನ್ನುತ್ತಿದ್ದಾನೆ.

ನಾನು ಸಾಮಾನು ಕಟ್ಟಲು ಹೋಗಿದ್ದೆ. ಬ್ರೋಡಿ ಬರುವುದಿಲ್ಲ, ನಾನು ಸಹಿ ಮಾಡಲಿಲ್ಲ, ಇನ್ನಾದರೂ ಇರಿ ಅಂದೆ. ಗುಲ್‌ಬಖ್ತ್ ಪಾತ್ರೆಗೆ ಸುತ್ತುತ್ತಿದ್ದ ಪತ್ರಿಕೆ ಕೆಳಗಿಟ್ಟಳು.

"ಅವನಿಗೆ ಹೆದರಿ ಹೋಗ್ತಿಲ್ಲ ಜಾನ್. ಮೊದ್ಲು ನಾನು ಅಂಗಡಿಗೆ ಹೋದ್ರೆ ಎಲ್ಲ ತಮಾಷೆ ಮಾಡೋರು. ನನ್ನ ಇಂಗ್ಲಿಷಿಗೆ ನಗೋರು, ಕಾರು ಅಡ್ಡ ನಿಲ್ಲಿಸಿದ್ರೆ ಬೈಯೋರು. ನೀವೇ ಎಷ್ಟು ಸಲ ಜಗಳ ಆಡಿಲ್ಲ, ನಿಮ್ಮ ಕಸದ ಡಬ್ಬಿಗೆ ನಾನು ಕಸ ಹಾಕ್ದೆ ಅಂತ? ಈಗ ಯಾರೂ ಬೈಯಲ್ಲ. ನಾನು ಒಳಗೆ ಬಂದ್ರೆ ದನಿ ತಗ್ಗಿಸ್ತಾರೆ. ಸರದಿ ಬಿಟ್ಟು ಮುಂದೆ ಕಳಿಸ್ತಾರೆ. ಒಳ್ಳೆಯವರೇ, ಆದ್ರೆ ನನ್ನ ಕೈ ನೋಡ್ತಾರೆ, ಮುಖ ನೋಡಲ್ಲ. ಸಾವಿನ ಮನೆಯಲ್ಲಿ ಇದ್ದ ಹಾಗೆ ಆಗುತ್ತೆ ನನಗೆ. ಅಲ್ಲಿ ಹೋದ್ರೆ ನನ್ನ ಜೊತೆ ಜಗಳ ಆಡೋರು ಯಾರಾದ್ರೂ ಸಿಗ್ತಾರೆ."

ಅವಳು ಹೇಳಿದ್ದು ನಿಜ. ಬೆಂಕಿ ಬಿದ್ದಾಗಿನಿಂದ ನಾನೂ ಅವಳ ಜೊತೆ ಒಮ್ಮೆಯೂ ಜಗಳವಾಡಿರಲಿಲ್ಲ. ಲಾರಿ ಹೊರಟಾಗ ಬೀದಿಯವರೆಲ್ಲ ಬಂದು ನಿಂತಿದ್ದರು. ಕೆಲವರು ಕೇಕು ತಂದಿದ್ದರು. ತುಂಬ ಮರ್ಯಾದೆಯಿಂದ ಕಳಿಸಿಕೊಟ್ಟೆವು. ನಿಲ್ಲಿ ಅಂತ ಜೋರಾಗಿ ಕೂಗಿ ಲಾರಿಗೆ ಅಡ್ಡ ನಿಲ್ಲುವ ಧೈರ್ಯ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಸೋಮವಾರ ನಿನ್ನ ವಕೀಲೆ ಫೋನು ಮಾಡಿದರು. "ಈಗ ಎದುರಿಗೆ ಯಾರೂ ಇಲ್ವಲ್ಲ, ತೊಂದರೆ ತಾನಾಗೇ ಕಳೀತು, ನೀವೊಂದು ಸಹಿ ಹಾಕಿದ್ರೆ ಎರಡು ವಾರದಲ್ಲಿ ಹುಡುಗ ಮನೇಲಿರ್ತಾನೆ," ಅಂದರು. ಆ ಹೆಂಗಸು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೆ ತೊಂದರೆ ಕಳೆಯಿತು ಎಂದು ಅವಳ ಬಾಯಲ್ಲಿ ಕೇಳಿದಾಗ ಫೋನು ಇಟ್ಟುಬಿಟ್ಟೆ. ಗ್ಯಾರೆಟ್ ಬಯಸಿದ್ದು ಇದೇ ತಾನೇ? ಅವರು ಹೋಗಬೇಕು, ನೀನು ಉಳಿಯಬೇಕು. ಗುಲ್‌ಬಖ್ತ್ ಖಾಲಿ ಮಾಡಿದ ಬೀದಿಗೆ ನಿನ್ನನ್ನು ಕರೆತಂದರೆ ನೀವು ಪೆಟ್ರೋಲ್ ಸುರಿದು ಶುರು ಮಾಡಿದ್ದನ್ನು ನಾನು ಪೆನ್ನಿನಿಂದ ಮುಗಿಸಿದಂತೆ ಆಗುತ್ತದೆ.

ಸಹಿ ಮಾಡಿಲ್ಲ ಮಗಾ. ಮಾಡುವುದೂ ಇಲ್ಲ. ನೀನು ಆ ಇನ್ನೊಂದು ವಿಳಾಸಕ್ಕೆ ಹೋಗುತ್ತೇನೆ ಅಂದರೆ ತಡೆಯುವ ಶಕ್ತಿ ನನಗಿಲ್ಲ, ನಿನಗೀಗ ಇಪ್ಪತ್ತೆರಡು ವರ್ಷ. ಹೋದರೆ ನನ್ನ ಮಗ ಮತ್ತೆ ಸಿಗುವುದಿಲ್ಲ ಎಂದು ಗೊತ್ತಿದ್ದೂ ಇದನ್ನು ಬರೆಯುತ್ತಿದ್ದೇನೆ. ನೀನು ಹೋಗಬೇಡ ಅಂತ ಬೇಡಿಕೊಳ್ಳುತ್ತೇನೆ, ಅದನ್ನು ಬಿಟ್ಟು ಬೇರೇನೂ ನನ್ನ ಕೈಯಲ್ಲಿಲ್ಲ.

ಅಮ್ಮ


ಜೈಲಿನಿಂದ
ಮಾರ್ಚ್ 6

ಅಮ್ಮಾ,

ಹಣೆಯ ಗಾಯ ವಾಸಿಯಾಗಿದೆ. ಊಟದ ಸಾಲಿನಲ್ಲಿ ಯಾರೋ ತಳ್ಳಿದರು, ಕಂಬಕ್ಕೆ ತಾಗಿತು. ನೀನು ಅಂದುಕೊಂಡಷ್ಟು ದೊಡ್ಡದಲ್ಲ.

ಇಂದು ವಕೀಲೆ ಬಂದಿದ್ದರು. ಗ್ಯಾರೆಟ್ ಕಳಿಸಿದ ವಿಳಾಸ ಬೇಡ ಅಂದೆ. ನಮ್ಮ ಮನೆಯದೂ ಬೇಡ, ನನ್ನ ಅಮ್ಮನಿಗೆ ಇನ್ನು ಫೋನು ಮಾಡಬೇಡಿ ಅಂದೆ. ಅವರಿಗೆ ಕೋಪ ಬಂತು, ಇಷ್ಟು ದಿನ ಓಡಾಡಿದ್ದು ವ್ಯರ್ಥವಾಯಿತು ಅಂದರು. ವಿಚಾರಣೆ ಮುಗಿಯುವವರೆಗೂ, ಅದರ ಆಚೆಗೂ ಇಲ್ಲೇ ಇರಬೇಕಾಗುತ್ತದೆ ಎಂದು ನನಗೆ ಗೊತ್ತು.

ನಿನ್ನ ಮೇಲೆ ಸಿಟ್ಟಿನಿಂದ ಹೀಗೆ ಮಾಡಿದೆ ಅಂದುಕೊಳ್ಳಬೇಡ. ಕಾರಣ ಹೇಳಲೇಬೇಕು. ಹೇಳಿದರೆ ನಿನಗೆ ನೋವಾಗುತ್ತದೆ, ಆದರೂ ಹೇಳುತ್ತೇನೆ.

ಎದುರುಮನೆ ಖಾಲಿಯಾಯಿತು ಅಂತ ನಿನ್ನ ಕಾಗದದಲ್ಲಿ ಓದಿದಾಗ ನಾನು ಅತ್ತೆ. ಪಕ್ಕದ ಮಂಚದವನು ಎದ್ದು ಕೂತು ಏನಾಯಿತು ಅಂತ ಕೇಳುವಷ್ಟು ಅತ್ತೆ. ಆದರೆ ಅಳು ಬರುವ ಮುಂಚೆ, ಒಂದು ಗಳಿಗೆ, ಗೆದ್ದೆವು ಅನ್ನಿಸಿತು. ನಾನು ಬೇಕೆಂದು ಅಂದುಕೊಂಡದ್ದಲ್ಲ. ತಾನಾಗೇ ಬಂತು. ಅಳುವಿಗಿಂತ ಮೊದಲು ಬಂತು.

ಅದು ಮೊದಲು ಬರುವುದು ನಿಲ್ಲುವವರೆಗೂ ನನ್ನನ್ನು ಮನೆಗೆ ಕರೆಸಿಕೊಳ್ಳಬೇಡ.

ನಿನ್ನ ಮಗ,
ಬ್ರೋಡಿ